ಆರು ತಿಂಗಳ ಮೆಹಮಾನ

ಅವರ ಕೊರಳಿಗೆ ಕಟ್ಟಿದ ಬಿಳಿ ಮಲ್‌ಮಲ್ ಬಟ್ಟೆ ಉಸಿರಿಗೊಮ್ಮೆ ಉಬ್ಬುತ್ತಿತ್ತು, ಉಸಿರಿಗೊಮ್ಮೆ ಒಳಕ್ಕೆ ಅಂಟುತ್ತಿತ್ತು. ಅದರ ಕೆಳಗೆ, ಗಂಟಲು ಇದ್ದ ಜಾಗದಲ್ಲಿ, ನಾಲ್ಕಾಣೆ ನಾಣ್ಯದಷ್ಟು ಅಗಲದ ತೂತು. ಅವರು ಉಸಿರಾಡುತ್ತಿದ್ದದ್ದು ಅಲ್ಲಿಂದಲೇ. ಹೊಸದಾಗಿ ಕಂಡವರು ಮುಖ ಬಿಟ್ಟು ಆ ಬಟ್ಟೆಯನ್ನೇ ನೋಡುತ್ತಿದ್ದರು.

ಆ ಬಟ್ಟೆಯ ಬಗ್ಗೆ ನಮ್ಮ ಕುರ್ಲಾದ ಚಾಳಿನಲ್ಲಿ ಒಂದು ಕತೆಯಿದೆ. ಕ್ಯಾನ್ಸರಿಗೆ ದನಿ ಕಳೆದುಕೊಂಡ ನೇಕಾರನನ್ನು ಮಿಲ್ಲಿನವರು ಕನಿಕರಪಟ್ಟು ಮತ್ತೆ ಕೆಲಸಕ್ಕೆ ತೆಗೆದುಕೊಂಡರಂತೆ. ಹೇಳುವವರ ಕಣ್ಣಂಚು ಒದ್ದೆಯಾಗುತ್ತದೆ, ಕೇಳುವವರು ತಲೆಯಾಡಿಸುತ್ತಾರೆ. ನಾನು ಮಾತ್ರ ತಲೆಯಾಡಿಸುವುದಿಲ್ಲ. ಆ ದಿನ ನಾನು ಅಲ್ಲಿದ್ದೆ. ಕನಿಕರ ಇದ್ದದ್ದೇ ಆದರೆ ನನ್ನ ಕಣ್ಣಿಗೂ ಸ್ವಲ್ಪ ಬೀಳಬೇಕಿತ್ತಲ್ಲ?

ನಮಗೆಲ್ಲ ಅವರು ಚಾಚಾ. ವಿಜಾಪುರದ ಕಡೆಯವರು. ಮನೆಯಲ್ಲಿ ದಖನಿ, ನಮ್ಮೊಡನೆ ಕನ್ನಡ. ನಮ್ಮ ಖೋಲಿಗೂ ಅವರ ಖೋಲಿಗೂ ನಡುವೆ ಒಂದೇ ಗೋಡೆ. ಮಿಲ್ಲಿನಲ್ಲಿ ನೇಯುವ ವಿಭಾಗಕ್ಕೆ ಮಗ್ಗದ ಖಾತೆ ಎನ್ನುತ್ತಾರೆ, ಅಲ್ಲಿ ಅವರಿಗೆ ಎರಡು ಮಗ್ಗ. ಮಿಲ್ಲಿನವರಿಗೆ ಮೆಲ್ಲಗೆ ಮಾತಾಡಿ ರೂಢಿಯಿಲ್ಲ. ಶಿಫ್ಟು ಮುಗಿಸಿ ಅವರು ಕೆಳಗಿನ ಮೆಟ್ಟಿಲು ಹತ್ತುವಾಗಲೇ ದನಿ ಮೇಲಿನ ಮಾಳಿಗೆಗೆ ಬಂದು ಮುಟ್ಟಿರುತ್ತಿತ್ತು. “ಎಂತ ಬೊಬ್ಬೆ ಮಾರಾಯ್ರೆ ಇವರದ್ದು!” ಎಂದು ಉಡುಪಿ ಕಡೆಯ ನನ್ನ ಅಮ್ಮ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಕಾಲೇಜಿನ ಚರ್ಚಾಸ್ಪರ್ಧೆಯಿಂದ ನಾನು ಬಹುಮಾನದ ಕಪ್ಪು ಹಿಡಿದು ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದರು.

“ಏನ ಬೇ ವಕೀಲವ್ವ, ಇವತ್ತ ಯಾರ ಕಡೆ ಮಾತಾಡಿ ಬಂದಿ?”

“ಯಂತ್ರ ಬೇಕು ಅನ್ನುವವರ ಕಡೆ, ಚಾಚಾ.”

“ಹೋದ ತಿಂಗಳ ಬ್ಯಾಡ ಅನ್ನೋರ ಕಡೆ ಇದ್ದೆಲ್ಲ!”

“ಆಗಲೂ ನಾನೇ ಗೆದ್ದೆ.”

“ಅರೆ ಶಾಬಾಸ್! ಎರಡೂ ಕಡೆ ಗೆಲ್ಲೂದು ನಾಲಿಗಿ ಕೆಲಸ. ಒಂದ ಕಡೆ ನಿಂದರೂದು ಕಾಲಿನ ಕೆಲಸ. ಅದನ್ನ ಯಾವಾಗ ಕಲೀತಿ?”

ಆಗ ನಕ್ಕಿದ್ದೆ.

ಇಷ್ಟು ದೊಡ್ಡ ದನಿಯ ಮನುಷ್ಯನಿಗೆ ದನಿಯೇ ಬೇಡದ ಇನ್ನೊಂದು ಭಾಷೆಯೂ ಬರುತ್ತಿತ್ತು. ಮಗ್ಗದ ಖಾತೆಯಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವನು ಕೂಗಿದರೂ ಕೇಳದು. ಅದಕ್ಕೇ ನೇಕಾರರು ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುತ್ತಾರೆ. ನಮ್ಮ ಎದುರು ಗ್ಯಾಲರಿಯಲ್ಲಿ ಅದೇ ಖಾತೆಯ ಮರಾಠಿ ನೇಕಾರರೊಬ್ಬರಿದ್ದರು, ಮಾಮಾ ಎನ್ನುತ್ತಿದ್ದೆವು. ರಜೆಯ ದಿನ ಚಾಚಾ ಮತ್ತು ಮಾಮಾ ಅಂಗಳದ ಈ ಬದಿ ಆ ಬದಿ ನಿಂತು ಗಂಟೆಗಟ್ಟಲೆ ಸದ್ದಿಲ್ಲದೆ ಹರಟುತ್ತಿದ್ದರು. ಇದ್ದಕ್ಕಿದ್ದಂತೆ ಇಬ್ಬರೂ ಹೊಟ್ಟೆ ಹಿಡಿದು ನಗುವರು. ಜೋಕು ತಮ್ಮ ಮೇಲೆಯೇ ಏನೋ ಎಂದು ಇಡೀ ಚಾಳಿಗೆ ಗುಮಾನಿ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಚಾಚಾನ ದನಿ ಒಡೆಯಿತು. ಕೆಮ್ಮಿನ ಔಷಧಿಗೆ ಬಗ್ಗಲಿಲ್ಲ. ಪರೇಲದ ಆಸ್ಪತ್ರೆಯಲ್ಲಿ ಗಂಟಲು ತೆಗೆದರು, ಆಮೇಲೆ ಜನ ‘ಕರೆಂಟು’ ಎನ್ನುವ ವಿಕಿರಣ ಚಿಕಿತ್ಸೆ. ಏಳನೆಯ ತಿಂಗಳಿಗೆ ಅಲ್ಲಿಯ ಡಾಕ್ಟರು ಚೀಟಿ ಬರೆದುಕೊಟ್ಟರು: ತನ್ನ ಕೆಲಸಕ್ಕೆ ಯೋಗ್ಯ, ಕೊರಳು ಮುಚ್ಚಿರಬೇಕು, ಅಷ್ಟೆ. ಚಾಚಿ ಎರಡು ಪದರದ ಮಲ್‌ಮಲ್ ಬಟ್ಟೆ ಆರು ಹೊಲಿದು ಸಾಲಾಗಿ ಒಣಹಾಕಿದರು.

ಮಿಲ್ಲಿನ ಲೇಬರ್ ಆಫೀಸರು ಧಾರವಾಡದವರು, ಮುಲುಂಡಿನಲ್ಲಿ ಮನೆ. ಅವರು ಚೀಟಿಯನ್ನು ಓದಿ ಬದಿಗಿಟ್ಟು ಬೇರೆಯದನ್ನೇ ಹೇಳಿದರಂತೆ: ಕಾಯಂ ಕೆಲಸ ಬಿಡು, ಬದಲಿಯಾಗಿ ಕಾಂಪೌಂಡು ಗುಡಿಸು. ಬದಲಿ ಎಂದರೆ ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಬೇಕು. ಯಾರಾದರೂ ಬಾರದಿದ್ದರೆ ಕೆಲಸ, ಎಲ್ಲರೂ ಬಂದರೆ ಮನೆ. ಕಾರಣ? ಮಗ್ಗದಿಂದ ಲಾಳಿ ಹಾರಿದರೆ, ಬೆಂಕಿ ಬಿದ್ದರೆ, ಬಾಯಿಲ್ಲದವನು ಪಕ್ಕದವರನ್ನು ಹೇಗೆ ಎಚ್ಚರಿಸುತ್ತಾನೆ?

ಚಾಚಾ ಈಗ ಸ್ಲೇಟು ಇಟ್ಟುಕೊಂಡಿದ್ದರು. ಮರುದಿನ ನನ್ನನ್ನು ಮಿಲ್ಲಿನ ಗೇಟಿಗೆ ಕರೆದೊಯ್ದು, ಗೋಡೆಗೆ ಹಚ್ಚಿದ್ದ ನಿಯಮಗಳನ್ನೆಲ್ಲ ಓದಿಸಿದರು. ಮಂಜೂರಾದ ರಜೆಯಲ್ಲಿದ್ದ ಕಾಯಂ ಕೆಲಸಗಾರ ಗುಣವಾಗಿ ಬಂದರೆ ಅವನ ಜಾಗ ಅವನಿಗೇ ಎಂಬ ಸಾಲು ಬಂದಾಗ ಬೆರಳೆತ್ತಿ ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ಮನೆಗೆ ಬಂದು ನಾನು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಒಂದೊಂದು ಮಾತಿಗೂ ಕನ್ನಡದ ಅರ್ಥ ಕೇಳಿದರು. ‘ಸಿಂಪಥೆಟಿಕ್’ ಎನ್ನುವಲ್ಲಿ ನಾನು “ಕನಿಕರದಿಂದ” ಅಂದೆ. ಪೆನ್ನು ಕಿತ್ತುಕೊಂಡು ಕಾಗದ ಹರಿಯುವ ಹಾಗೆ ಅದನ್ನು ಹೊಡೆದುಹಾಕಿದರು. ಆಮೇಲೆ ಸ್ಲೇಟಿನಲ್ಲಿ ಬರೆದರು: “ನಾ ಏನು ದಾನ ಬೇಡಾಕ ಹೊಂಟೀನೇನು?”

ಚಾಳಿನಲ್ಲಿ ಕನಿಕರದ ಕತೆ ಹೇಳುವವರು ಆ ಹರಿದ ಕಾಗದ ನೋಡಬೇಕಿತ್ತು.

ಅರ್ಜಿಯ ಕೊನೆಗೆ ಅವರೇ ಒಂದು ಷರತ್ತು ಸೇರಿಸಿದರು. ವಿಚಾರಣೆ ಆಫೀಸಿನಲ್ಲಿ ಬೇಡ, ನಡೆಯುತ್ತಿರುವ ಮಗ್ಗದ ಖಾತೆಯಲ್ಲೇ ಆಗಲಿ. ನನಗೆ ಇದು ತಪ್ಪು ಅನ್ನಿಸಿತ್ತು. ಆಫೀಸಿನಲ್ಲಾದರೆ ನಾನು ವಾದ ಮಾಡಬಲ್ಲೆ. ಮಿಲ್ಲಿನವರು ಆರು ವಾರ ಅಲೆದಾಡಿಸಿ ಕೊನೆಗೆ ಒಪ್ಪಿದರು. ಚಾಚಾಗೆ ಮಾತು ಬಾರದ್ದರಿಂದ ಅವರ ಪರವಾಗಿ ನಾನು ಜೊತೆಗಿರಬಹುದು ಎಂದೂ ಅಪ್ಪಣೆಯಾಯಿತು.

ಹನ್ನೊಂದು ಅಂಶಗಳ ಭಾಷಣ ತಯಾರು ಮಾಡಿಕೊಂಡು ಹೋದೆ. ಖಾತೆಯ ಬಾಗಿಲು ದಾಟಿದ್ದೇ ತಡ, ಸದ್ದು ಎದೆಗೆ ಬಂದು ಗುದ್ದಿತು. ಬಾಯಿ ತೆರೆದೆ. ನನ್ನ ದನಿ ನನಗೇ ಕೇಳಲಿಲ್ಲ. ಆಫೀಸರೂ ಏನೋ ಕೂಗಿದರು, ಕೊರಳ ನರ ಉಬ್ಬಿದ್ದು ಕಂಡಿತು, ಮಾತು ಬರಲಿಲ್ಲ. ಪಕ್ಕದಲ್ಲಿದ್ದ ಮಿಲ್ಲಿನ ಡಾಕ್ಟರು ಕಿವಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಚಾಚಾ ಮಾತ್ರ, ಪರೀಕ್ಷೆಗೆಂದು ಆ ದಿನದ ಮಟ್ಟಿಗೆ ಬಿಟ್ಟುಕೊಟ್ಟಿದ್ದ ತಮ್ಮ ಹಳೆಯ ಎರಡು ಮಗ್ಗಗಳ ನಡುವೆ ನಿಂತು, ಹರಿದ ಎಳೆಗೆ ಗಂಟು ಹಾಕುತ್ತಲೇ, ನಾಲ್ಕು ಮಗ್ಗ ಆಚೆಗಿದ್ದ ಮಾಮಾಗೆ ‘ನಿನ್ನ ಲಾಳಿ ಖಾಲಿಯಾಗಿದೆ’ ಎಂದು ಸನ್ನೆ ಮಾಡಿದರು. ಮಾಮಾ ಲಾಳಿ ಬದಲಿಸಿದರು. ಆ ಖಾತೆಯಲ್ಲಿ ಬಾಯಿ ಹೋದವರು ಮೂವರೇ: ಆಫೀಸರು, ಡಾಕ್ಟರು ಮತ್ತು ನಾನು.

ವಾದ ಅಲ್ಲಿಗೇ ಮುಗಿದಿತ್ತು. ಆದರೆ ಆಫೀಸರು ಡಾಕ್ಟರ ಕಡೆ ಬಾಗಿ ಏನೋ ಅಂದರು. ಇಷ್ಟು ಸದ್ದಿನಲ್ಲಿ ಯಾರಿಗೆ ಕೇಳುತ್ತದೆ ಎಂಬ ಧೈರ್ಯ ಇರಬೇಕು. ನನಗೆ ತುಟಿ ಓದಲು ಬರುವುದಿಲ್ಲ, ಆದ್ದರಿಂದ ಆ ಮಾತಿಗೆ ನಾನು ಸಾಕ್ಷಿಯಲ್ಲ. ನಾನು ನೋಡಿದ್ದು ಇಷ್ಟು: ಚಾಚಾನ ಕೈ ಎಳೆಯ ಮೇಲೆ ತಟ್ಟನೆ ನಿಂತಿತು. ಮಾಮಾ ತಮ್ಮ ಮಗ್ಗ ನಿಲ್ಲಿಸಿದರು. ಅವರ ಹಿಂದಿನವರು, ಅವರ ಆಚೆಯವರು... ಕಂಡವರ ತುಟಿಯಿಂದ ಕಾಣದವರ ಕಣ್ಣಿಗೆ ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಅದು ಹೋದಲ್ಲೆಲ್ಲ ಮಗ್ಗ ನಿಂತಿತು. ಅಷ್ಟು ದೊಡ್ಡ ಖಾತೆಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

ಚಾಚಾ ಸ್ಲೇಟಿನಲ್ಲಿ ಬರೆದು ನನ್ನ ಕೈಗಿತ್ತು, ಓದು ಎಂದು ಗದ್ದ ಎತ್ತಿದರು. ಹನ್ನೊಂದು ಅಂಶ ಹೊತ್ತು ತಂದವಳು ಅಲ್ಲಿ ಆಡಿದ ಮಾತು ಅದೊಂದೇ. ಕನ್ನಡದಲ್ಲಿ ಓದಿದೆ, ಆಮೇಲೆ ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದೆ.

“‘ಛೇ ಮಹೀನೇ ಕಾ ಮೆಹಮಾನ್ ಹೈ’ ಅಂದ್ರಿ. ಆರ ತಿಂಗಳ ಅತಿಥಿ. ಇರಲಿ. ಆ ಆರು ತಿಂಗಳ ನನ್ನ ಮಗ್ಗದ ಮ್ಯಾಲೆ ಕಳೀಲಿ.”

“ನಾ ಹಂಗ ಅಂದೇ ಇಲ್ಲ!” ಆಫೀಸರ ಮುಖ ಕೆಂಪಾಗಿತ್ತು. “ಯಾರು ಕೇಳ್ಯಾರ? ಯಾರರೆ ಕೇಳ್ಯಾರೇನು?”

ಅವರು ಕನ್ನಡದಲ್ಲಿ ಕೇಳಿದ್ದು ಮಾಮಾಗೆ ಹೇಗೆ ತಿಳಿಯಿತೋ. “ಆಮ್ಹೀ ಬಘಿತಲಂ, ಸಾಹೇಬ್,” ಅಂದರು. ನಾವು ನೋಡಿದೆವು.

ಇನ್ನೇನು ಘೋಷಣೆ ಏಳುತ್ತದೆ ಎಂದು ನಾನು ಕಾಯುತ್ತಿದ್ದೆ. ಚಾಚಾ ಎಲ್ಲರ ಕಡೆ ತಿರುಗಿ ಸಿಟ್ಟಿನಿಂದ ಕೈ ಬೀಸಿದರು: ನಡೆಸ್ರಿ, ನಡೆಸ್ರಿ! ನಿಂತು ಹೊರಟ ಮಗ್ಗ ಬಟ್ಟೆಯ ಮೇಲೆ ಅಡ್ಡಗೆರೆ ಬೀಳಿಸುತ್ತದೆ, ಮಾಲು ಕೆಡುತ್ತದೆ. ಖಾತೆ ಮತ್ತೆ ಗುಡುಗತೊಡಗಿತು. ಮನೆಗೆ ಮರಳುವ ದಾರಿಯಲ್ಲಿ ನಾನು ಜಗಳ ತೆಗೆದೆ: ಇನ್ನೊಂದು ಗಂಟೆ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಅವರು ಬಸ್ ಸ್ಟಾಪಿನಲ್ಲಿ ನಿಂತು ಬರೆದರು: “ಜಗಳ ಸಾಹೇಬನ ಕೂಡ. ಬಟ್ಟಿ ಕೂಡ ಅಲ್ಲ.”

ಅದೇ ಮಧ್ಯಾಹ್ನ, ಶಿಫ್ಟು ಬಿಡುವ ಭೋಂಗಾ ಕೂಗುವ ಮೊದಲೇ, ಆದೇಶ ಮಾಮಾನ ಕೈ ಸೇರಿತ್ತು, ಶಿಫ್ಟು ಮುಗಿಸಿ ಅವರು ಅದನ್ನು ಮನೆಗೆ ತಂದುಕೊಟ್ಟರು. ಅವೇ ಎರಡು ಮಗ್ಗ, ಕಾಯಂ ನೌಕರಿ, ಹಳೆಯ ಸರ್ವಿಸು ಹಾಗೇ ಮುಂದುವರಿಕೆ. ಚಾಚಿ ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಚಾಚಾ ಅದನ್ನು ನನ್ನಿಂದ ಪೂರ್ತಿ ಓದಿಸಿ, ಎಲ್ಲೂ ಕನಿಕರದ ಮಾತಿಲ್ಲ ಎಂದು ಖಾತರಿಯಾದ ಮೇಲೆಯೇ ಪೆಟ್ಟಿಗೆಯಲ್ಲಿಟ್ಟರು.

ಆರು ತಿಂಗಳು ತುಂಬಿದ ದಿನ ಅವರು ಆಫೀಸರ ಕಿಟಕಿಯ ಮುಂದೆ ನಿಂತು ಒಂದು ಸಲಾಂ ಹೊಡೆದು ಕೆಲಸಕ್ಕೆ ಹೋದರು. ಮತ್ತೆ ಆರು ತಿಂಗಳಿಗೆ ಇನ್ನೊಂದು. ಆಫೀಸರು ಫೈಲಿನಿಂದ ತಲೆ ಎತ್ತುತ್ತಿರಲಿಲ್ಲವಂತೆ. ಹೀಗೆ ಹದಿಮೂರು ಸಲಾಂ. ಕೊನೆಯ ಎರಡು ಸಲ ಆ ಕುರ್ಚಿಯಲ್ಲಿ ಬೇರೆಯವರಿದ್ದರು, ಚಾಚಾ ಕುರ್ಚಿಗೇ ಸಲಾಂ ಮಾಡಿ ಬಂದರು.

ಹೋದ ತಿಂಗಳು ಎದೆಗೆ ಕಫ ಕಟ್ಟಿ, ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ಕ್ಯಾನ್ಸರು ಮರಳಿ ಬಂದಿರಲಿಲ್ಲ. ಮಗ್ಗದ ಧೂಳೇ ಕೊಂದಿತು, ಗುಡಿಸುವ ಕೆಲಸ ಒಪ್ಪಿಕೊಂಡಿದ್ದರೆ ಉಳಿಯುತ್ತಿದ್ದರು ಎಂದವರೂ ಇದ್ದಾರೆ. ಇರಬಹುದು. ಆ ಧೂಳು ಗಂಟಲಿದ್ದವರ ಎದೆಗೂ ಹೋಗುತ್ತಿತ್ತಲ್ಲ, ಅದರ ಚಿಂತೆ ಯಾಕೆ ಯಾರಿಗೂ ಇರಲಿಲ್ಲ?

ಅಂಗಳದಲ್ಲಿ ಶೋಕಸಭೆ ಮಾಡಿದೆವು. ನಿವೃತ್ತರಾದ ಆಫೀಸರು ಮುಲುಂಡಿನಿಂದ ಲೋಕಲ್ ಹಿಡಿದು ಬಂದಿದ್ದರು. ಬಂದದ್ದಕ್ಕೆ ನನ್ನ ಗೌರವವಿದೆ. “ಆ ಬಡವನ ಮ್ಯಾಲೆ ನನಗ ಕನಿಕರ ಬಂತು,” ಎಂದು ಅವರು ಮೈಕಿನಲ್ಲಿ ಹೇಳಿದರು. ಎದುರು ಸಾಲಿನಲ್ಲಿ ಮಾಮಾ ನನ್ನತ್ತ ನೋಡಿ ತುಟಿ ಆಡಿಸಿದರು. ಈ ಸಲ ಓದಲು ಬಂತು: ಪ್ರಶ್ನೆ ಕೇಳು. ಎದ್ದು ನಿಂತೆ. ಶೋಕಸಭೆಯಲ್ಲಿ ಚರ್ಚೆ ಬೇಡ ಎಂದು ಅಧ್ಯಕ್ಷರು ಕೂರಿಸಿದರು. ಚರ್ಚಾಸ್ಪರ್ಧೆಗಳನ್ನು ನಾನು ಬಿಟ್ಟು ವರ್ಷಗಳಾದವು. ಒಂದೇ ಕಡೆ ನಿಲ್ಲುವುದನ್ನು ಕಾಲಿಗೆ ಕಲಿಸುತ್ತಿದ್ದೇನೆ. ಅದಕ್ಕೇ ಅಲ್ಲಿ ಕೇಳಗೊಡದ್ದನ್ನು ಇಲ್ಲಿ ಕೇಳುತ್ತೇನೆ.

ಸಾಹೇಬರೇ, ಆರು ತಿಂಗಳ ಆ ಮಾತನ್ನು ನೀವು ಆಡಲೇ ಇಲ್ಲವಾದರೆ, ಆರು ವಾರ ಅಲೆದರೂ ಸಿಗದಿದ್ದ ಕನಿಕರ ಅದೇ ಮಧ್ಯಾಹ್ನ, ಭೋಂಗಾ ಕೂಗುವ ಮೊದಲೇ, ನಿಮಗೆ ಎಲ್ಲಿಂದ ಬಂತು?