ಆಕಾಶದಿಂದ ಬಂದ ಪಲ್ಯದ ಪ್ರಶ್ನೆ

ಫೋನಿನ ಮೈಕ್ ಕೆಟ್ಟಿತ್ತು. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿನ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಕೊಟ್ಟೂರಿನ ನಮ್ಮ ಮನೆಯ ಮಾಳಿಗೆಯ ವಾಸನೆ ಅದು.

ಅಲ್ಲಿ ಚಿಕ್ಕಪ್ಪ ರೇಡಿಯೊದ ತಂತಿಗಳನ್ನು ಬೆಸೆಯುತ್ತ ಕೂರುತ್ತಿದ್ದ. ಅವನಿಗೆ ಹ್ಯಾಮ್ ರೇಡಿಯೊ ಲೈಸೆನ್ಸ್, ಅಂದರೆ ಹವ್ಯಾಸಕ್ಕಾಗಿ ದೂರದವರೊಡನೆ ರೇಡಿಯೊದಲ್ಲಿ ಮಾತಾಡುವ ಪರವಾನಗಿ, ಇತ್ತು. ಸಂಜೆ ಉಪಗ್ರಹ ಹಾದುಹೋಗುವಷ್ಟು ಹೊತ್ತು, ತಾನೇ ಕಟ್ಟಿದ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಹಿಡಿದು ಅದರತ್ತ ತಿರುಗಿಸುತ್ತಿದ್ದ. ಇವನ ಮಾತು ಉಪಗ್ರಹಕ್ಕೆ ಮುಟ್ಟಿ, ಅಲ್ಲಿಂದ ದೂರದ ಇನ್ಯಾರಿಗೋ ಕೇಳಬೇಕಿತ್ತು. ತಿಂಗಳುಗಟ್ಟಲೆ ಕರೆದರೂ ಯಾರೂ ಓಗೊಟ್ಟಿರಲಿಲ್ಲ. ಉಪಗ್ರಹ ಮುಳುಗುವ ತನಕ ಅವನು ಉಣ್ಣುತ್ತಲೂ ಇರಲಿಲ್ಲ.

"ಮಂದಿ ಚಂದ್ರ ಮೂಡಿದ ಮ್ಯಾಲೆ ಉಣ್ತಾರ, ಇವ ಅದ್ಯಾವುದೋ ಮುಳುಗಿದ ಮ್ಯಾಲೆ ಉಣ್ತಾನ," ಎನ್ನುತ್ತಿದ್ದಳು ಅಜ್ಜಿ.

ಒಂದು ಸಂಜೆ ಅವಳೇ ಮಾಳಿಗೆ ಹತ್ತಿ ಬಂದಳು. ಚಿಕ್ಕಪ್ಪ ಮಾತು ಕಳಿಸಲು ಮೈಕಿನ ಗುಂಡಿ ಒತ್ತಿ ಹಿಡಿದಿದ್ದ.

"ರೊಟ್ಟಿ ಆರಾಕತ್ಯಾವು, ಇಳಿದು ಬಾರಲೇ!" ಎಂದು ಹಿಂದಿನಿಂದ ಗದರಿದಳು.

ಅವನು ಗಾಬರಿಯಾಗಿ ಗುಂಡಿ ಬಿಟ್ಟ. ಸ್ಪೀಕರಿನಲ್ಲಿ, ಮೂಗಿನಿಂದ ಆಡಿದಂತೆ, ಯಾವುದೋ ಗಂಡಸಿನ ದನಿ ಕೇಳಿತು: "ಅವ್ವಾರ, ರೊಟ್ಟಿ ಜೋಡಿ ಪಲ್ಯಾ ಏನೈತ್ರಿ?"

ಚಿಕ್ಕಪ್ಪನಿಗೆ ಸಿಕ್ಕ ಮೊದಲ ಉತ್ತರ ಅದು. ಬಂದದ್ದು ಅಜ್ಜಿಗೆ. ಅವನು ಮತ್ತೆ ಗುಂಡಿ ಒತ್ತುವುದನ್ನೂ ಮರೆತು ನಿಂತ. ಅಜ್ಜಿ ಮೈಕಿನತ್ತ ನೋಡಲೇ ಇಲ್ಲ. ಸೆರಗು ಸರಿಮಾಡಿಕೊಂಡು, ಆಕಾಶಕ್ಕೆ ಮುಖವೆತ್ತಿ, "ಪುಂಡಿಪಲ್ಯಾ ಐತಿ! ಉಣ್ಣಾಕ ಬರ್ರಿ!" ಎಂದು ಕೂಗಿದಳು. ಅಷ್ಟರಲ್ಲಿ ಉಪಗ್ರಹ ಮುಳುಗಿ, ಸ್ಪೀಕರಿನಲ್ಲಿ ಬರೀ ಸುಯ್ಯೆನ್ನುವ ಸದ್ದು ಉಳಿದಿತ್ತು.

"ಮೈಕ್ ಸರಿ ಆತ್ರಿ. ಏನರ ಮಾತಾಡಿ ನೋಡ್ರಿ," ಎಂದು ಅಂಗಡಿಯವನು ಫೋನು ಚಾಚಿದ.

"ಪುಂಡಿಪಲ್ಯಾ ಐತಿ," ಎಂದೆ.