ಮುಚ್ಚಳ ಬಡಿದರೆ ಹೊರಡುವ ಧಣಿ

ಸೀಮೆಎಣ್ಣೆ ಗಾಡಿಯವನು ಜೀವಮಾನದಲ್ಲಿ ಮಾಡಿದ ಒಂದೇ ಒಂದು ಜಾಣ ವ್ಯಾಪಾರವೆಂದರೆ, ಕುದುರೆ ಕಳಿಸುವ ಒಂದು ದಿನ ಮೊದಲೇ ಗಾಡಿಯನ್ನು ಮಾರಿದ್ದು. ಒಳ್ಳೆ ಗಿರಾಕಿ ಸಿಕ್ಕಿದ್ದ, ಮಾರಿದ. ಅದೇ ಅವನ ಕುತ್ತಿಗೆಗೆ ಬಂತು.

ಹತ್ತೊಂಬತ್ತು ವರ್ಷ ಒಂದೇ ಕುದುರೆ, ಒಂದೇ ಗಾಡಿ, ಒಂದೇ ಬೀದಿಯ ಇಪ್ಪತ್ತಾರು ಬಾಗಿಲು. ಕುದುರೆಗೆ ಧಣಿ ಎಂದು ಹೆಸರಿಟ್ಟವಳು ಅವನ ಹೆಂಡತಿ: “ಈ ಮನೇಲಿ ಯಾರ ಮಾತು ನಡೆಯುತ್ತೋ ಅವರಿಗೆ ಆ ಹೆಸರು.” ಎಣ್ಣೆ ಅಳೆದು ಸುರಿದ ಮೇಲೆ ಅವನು ಪೀಪಾಯಿಯ ಮುಚ್ಚಳವನ್ನು ಎರಡು ಸಲ ಠಣ್ ಠಣ್ ಎಂದು ಬಡಿಯುತ್ತಿದ್ದ. ಬಡಿದರೆ ಧಣಿ ಮುಂದಿನ ಬಾಗಿಲಿಗೆ. ಬಡಿಯದಿದ್ದರೆ ಆಕಾಶ ಕಳಚಿ ಬಿದ್ದರೂ ಅಲ್ಲೇ. ಲಗಾಮು ಇದ್ದದ್ದು ಬರೀ ಅಲಂಕಾರಕ್ಕೆ. ಇದನ್ನೆಲ್ಲ ಕಲಿಸಿದ್ದು ತಾನೇ ಎಂದು ಅವನು ಎದೆಯುಬ್ಬಿಸುತ್ತಿದ್ದ. ಯಾರು ಯಾರಿಗೆ ಕಲಿಸಿದ್ದು ಎಂಬುದು ಬೇರೆ ಮಾತು.

ಈಗ ಬೀದಿಗೆಲ್ಲ ಗ್ಯಾಸ್ ಬಂದಿತ್ತು. ಧಣಿಯ ಹಲ್ಲು ಸವೆದು, ಬಾಯಿಗಿಟ್ಟ ಹುಲ್ಲು ಅರ್ಧ ನೆಲಕ್ಕೆ ಉದುರುತ್ತಿತ್ತು. ಲಾಯ ಭಾಮೈದನದು, ಅವನು ಅಲ್ಲಿ ಮೋಟಾರ್ ರಿಪೇರಿ ಅಂಗಡಿ ತೆರೆಯಲು ತುದಿಗಾಲಲ್ಲಿ ನಿಂತಿದ್ದ. ಊರಾಚೆ ಹುಲ್ಲುಗಾವಲಿದ್ದ ಅಜ್ಜಿಯೊಬ್ಬಳು, “ಒಂದು ಮುದಿ ಜೀವಕ್ಕೆ ಜಾಗ ಇದೆ. ಶನಿವಾರ ಹತ್ತಕ್ಕೆ ನಿಮ್ಮ ಬೀದಿ ಬಾಯಿಗೆ ಲಾರಿ ಕಳಿಸ್ತೀನಿ, ಒಂದೇ ಸಲ” ಎಂದಿದ್ದಳು. ಲಾರಿ ತಪ್ಪಿದರೆ ಉಳಿಯುವವನು ಚರ್ಮದ ವ್ಯಾಪಾರಿ. ಅವನಾಗಲೇ ಎರಡು ಸಲ ಬಂದು, ಧಣಿಯ ಬೆನ್ನು ಸವರಿ, “ಮೈ ಚೆನ್ನಾಗಿದೆ” ಎಂದು ಹೊಗಳಿ ಹೋಗಿದ್ದ. ಅಂಥ ಹೊಗಳಿಕೆ ಶತ್ರುವಿಗೂ ಬೇಡ.

ಶನಿವಾರ ಒಂಬತ್ತಕ್ಕೆ ಹಗ್ಗ ಹಿಡಿದು “ಬಾರೋ ಧಣಿ” ಎಂದ. ಧಣಿ ಹಿಂತಿರುಗಿ ನೋಡಿತು. ಬೆನ್ನ ಹಿಂದೆ ಗಾಡಿಯಿಲ್ಲ, ಪೀಪಾಯಿಯಿಲ್ಲ. ಯಾವ ಲೆಕ್ಕದಲ್ಲಿ ಹೊರಡಬೇಕು? ನಿಂತೇ ನಿಂತಿತು. ಎಳೆದ, ತಳ್ಳಿದ, ಸಕ್ಕರೆ ತೋರಿಸಿದ. ಧಣಿ ಸಕ್ಕರೆ ತಿಂದು ಮತ್ತೆ ನಿಂತಿತು.

“ಭಾವ, ಕುದುರೆ ಇಟ್ಕೊಂಡು ಗಾಡಿ ಮಾರಿದವರನ್ನ ಇವತ್ತೇ ನೋಡಿದ್ದು” ಎಂದ ಭಾಮೈದ.

“ಬಾಯಿ ಮುಚ್ಚೋ. ಆ ಮುಚ್ಚಳ ಒಂದಿದ್ದಿದ್ರೆ...”

“ಇದೆ” ಎಂದಳು ಹೆಂಡತಿ, ತಣ್ಣಗೆ. “ಗಾಡಿ ಹೋಗೋ ಮುಂಚೆ ತೆಗೆದಿಟ್ಟೆ. ನೀರಿನ ಹಂಡೆಗೆ ಸರಿಯಾಗಿ ಕೂತುಕೊಳ್ಳುತ್ತೆ.”

ಅವನು ಭಾಮೈದನ ಕೈಯಿಂದಲೇ ಸ್ಪ್ಯಾನರ್ ಕಿತ್ತುಕೊಂಡು ಮುಚ್ಚಳಕ್ಕೆ ಎರಡು ಬಿಟ್ಟ. ಧಣಿ ಹೊರಟಿತು. ಹೊರಟು, ಮೊದಲನೇ ಬಾಗಿಲಲ್ಲಿ ನಿಂತಿತು.

ಅವನು ಮುಂದಿನ ಬಾಗಿಲುಗಳನ್ನು ಎಣಿಸಿದ. ಇನ್ನೂ ಇಪ್ಪತ್ತೈದು! ಬೀದಿಯೋ ಎರಡು ಗೋಡೆ ನಡುವಿನ ಸಂದಿ; ಕುದುರೆ ತಿರುಗುವ ಹಾಗಿಲ್ಲ, ಹಿಂದಕ್ಕೆ ಹೆಜ್ಜೆಯಿಡುವುದು ಧಣಿಯ ವಂಶದಲ್ಲೇ ಇಲ್ಲ. ಠಣ್ ಠಣ್. ಎರಡನೇ ಬಾಗಿಲು. ಠಣ್ ಠಣ್. ಸದ್ದು ಕೇಳಿ ಒಬ್ಬೊಬ್ಬರೇ ಹೊರಬಂದರು.

“ಏನಪ್ಪಾ, ಎಣ್ಣೆ ಜೇಬಲ್ಲಿ ತಂದ್ಯಾ?” ಎಂದ ಹನ್ನೊಂದನೇ ಮನೆಯ ಟೈಲರ್. ವಿಷಯ ತಿಳಿದ ಮೇಲೆ ಅಳತೆ ಟೇಪನ್ನು ಕೊರಳಿಂದ ತೆಗೆದು, ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

ಹತ್ತೊಂಬತ್ತನೇ ಬಾಗಿಲಿಗೆ ಆರು ವರ್ಷದಿಂದ ಬೀಗ. ಹಿಂದೆ ಅಲ್ಲಿದ್ದ ಟೀಚರಮ್ಮ ಕೋಲೂರಿಕೊಂಡು ಬರುವಷ್ಟರಲ್ಲಿ ಹೊತ್ತಾಗುತ್ತಿತ್ತು. ಧಣಿ ಅಷ್ಟೇ ಹೊತ್ತು ಕಾಯಿತು; ಅದಕ್ಕೆ ಮುಂಚೆ ಬಡಿದರೂ ಕಿವಿ ಅಲ್ಲಾಡಿಸಲಿಲ್ಲ. ಬೀದಿ ಬಾಯಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅವನು ಬೀಗ ನೋಡುತ್ತ ನಿಂತ.

ಇಪ್ಪತ್ತಾರೂ ಬಾಗಿಲು ಮುಗಿದರೂ, ಲಾರಿ ಹತ್ತಲು ಧಣಿ ಒಲ್ಲೆ ಎಂದಿತು. ಅವನೇ ಮೊದಲು ಹತ್ತಿ, ಒಳಗಿನಿಂದ ಮುಚ್ಚಳ ಬಡಿದ. ಧಣಿ ಹಲಗೆ ಮೇಲೆ ಧಡಧಡ ಬಂದು, ಹಣೆಯನ್ನು ಅವನ ಎದೆಗೊತ್ತಿ ನಿಂತಿತು. ಡ್ರೈವರ್ ಹಿಂದಿನ ಬಾಗಿಲು ಹಾಕಿಬಿಟ್ಟ. ಎರಡು ಪಕ್ಕ ಮರದ ಕಟಕಟೆ, ಬೆನ್ನಿಗೆ ತಗಡು, ಎದುರಿಗೆ ಕುದುರೆ.

“ಅಯ್ಯೋ, ನಾನೂ ಒಳಗಿದ್ದೀನಿ ಕಣಪ್ಪಾ!”

“ಇಳೀರಿ ಮತ್ತೆ.”

“ಹೇಗಿಳೀಲಿ? ಇದಕ್ಕೆ ಹಿಂದೆ ಹೋಗೋದು ಗೊತ್ತಿಲ್ಲ!”

“ಹಾಗಿದ್ರೆ ಇಬ್ಬರೂ ಮುಂದೇ ಹೋಗೋಣ” ಎಂದು ಡ್ರೈವರ್ ಲಾರಿ ಹೊರಡಿಸಿದ.

ಬೀದಿಯಲ್ಲೇ ಒಂದು ಸಲ ಮೈ ತಟ್ಟಿ, ಬೇಗ ಮುಗಿಸಿ, ತಿರುಗಿ ನೋಡದೆ ಮನೆಗೆ ಹೋಗುವುದೆಂದು ಅವನು ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಈಗ ಒಂದೂವರೆ ಗಂಟೆ, ಉಸಿರಿಗೆ ಉಸಿರು ತಾಗಿಸಿಕೊಂಡು, ಆ ಮುಖವನ್ನೇ ನೋಡಬೇಕಾಯಿತು. ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ.

ಹುಲ್ಲುಗಾವಲಿನಲ್ಲಿ ಲಾರಿಯನ್ನು ದಿಬ್ಬಕ್ಕೆ ಆನಿಸಿ, ಪಕ್ಕದ ಕಟಕಟೆ ಬಿಚ್ಚಿ ಇಬ್ಬರನ್ನೂ ಇಳಿಸಿದರು. ಅವನು ಮುಚ್ಚಳವನ್ನೂ ಸ್ಪ್ಯಾನರನ್ನೂ ಅಜ್ಜಿಯ ಕೈಗಿಟ್ಟ.

“ಕಟ್ಟೋದು ಬೇಡವೇನಪ್ಪಾ?”

“ಬೇಡಮ್ಮ. ಎರಡು ಸಲ ಬಡಿದ್ರೆ ಹೋಗುತ್ತೆ. ಇಲ್ದಿದ್ರೆ ನಿಂತಿರುತ್ತೆ. ಆದ್ರೆ... ನಾನು ಆ ತಿರುವು ದಾಟೋವರೆಗೂ ಬಡೀಬೇಡಿ.”

ಸರಸರ ನಡೆದ. ತಿರುವಿನವರೆಗೂ ಕಾಲು ಬಂದವು, ಅಲ್ಲಿ ಹೂತುಹೋದವು. ತಿರುಗಿದರೆ ಕೆಟ್ಟ. ದಾಟಿದರೂ ಕೆಟ್ಟ. ಹಿಂದೆ ಧಣಿ ಸದ್ದಿಗಾಗಿ ನಿಂತಿತ್ತು. ಅಜ್ಜಿ ಅವನು ಕೇಳಿಕೊಂಡಂತೆ, ದಾಟಲಿ ಎಂದು ಮುಚ್ಚಳ ಎತ್ತಿಕೊಂಡೇ ನಿಂತಿದ್ದಳು.

ಕೊನೆಗೆ ಕೈ ಸೋತದ್ದು ಅಜ್ಜಿಯದೇ.

ಠಣ್ ಠಣ್.

ಅವನ ಬಲಗಾಲು ತಾನಾಗಿಯೇ ಮುಂದಕ್ಕೆ ಹೋಯಿತು.