ಮೂರನೇ ಕೈ

ಅಂಧೇರಿಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನಡುವೆ ವಯೊಲಿನ್ ವಾದಕರೆಲ್ಲ ಒಟ್ಟಿಗೇ ಪುಟ ತಿರುಗಿಸಿದರು. ಗಾಜಿನಾಚೆ ನಾನು ಅವರ ಕೈಗಳನ್ನೇ ನೋಡುತ್ತ ನಿಂತಿದ್ದೆ.

ಮಲಾಡ್‌ನ ನನ್ನ ಮನೆಯ ಊಟದ ಮೇಜಿನ ಮೇಲೆ ನಮ್ಮ ಪುಟ್ಟ ಕಂಪನಿ ಕಟ್ಟಿದ ಸ್ವರಲಿಪಿ ಸಾಫ್ಟ್‌ವೇರ್‌ನಲ್ಲಿ ಸಿದ್ಧವಾದ ಹಾಳೆಗಳವು. ಹಿಂದೊಮ್ಮೆ ಇಲ್ಲೇ, ನುಡಿಸುತ್ತಿರುವಾಗಲೇ ಪುಟ ಮುಗಿದು, ಮಂಗಳೂರಿನ ಹಿರಿಯ ವಾದಕರೊಬ್ಬರು ಹಾಳೆಗಳನ್ನು ನನ್ನ ಕೈಗೇ ತುರುಕಿದ್ದರು: "ಎರಡು ಕೈಯೂ ವಯೊಲಿನ್ ಮೇಲುಂಟು. ಪುಟ ತಿರುಗಿಸ್ಲಿಕ್ಕೆ ಮೂರನೇ ಕೈ ಎಲ್ಲಿಂದ ತರುದು ಮಾರಾಯ್ತಿ?"

ಈ ಸಲ ಪ್ರತಿ ಪುಟವೂ ವಾದಕರಿಗೆ ಬಿಡುವಿರುವ ಕಡೆಯೇ ಮುಗಿಯುವಂತೆ ಮಾಡಿದ್ದೆವು. ಟೇಕ್ ಒಂದೇ ಏಟಿಗೆ ಓಕೆ ಆಯಿತು. ಅದೇ ಹಿರಿಯರು ಎರಡೂ ಕೈ ಮೇಲೆತ್ತಿ ಕೂಗಿದರು: "ಎರಡೇ ಸಾಕಾಯ್ತು ಮಾರಾಯ್ತಿ!"

ಈಗ ನಮ್ಮ ಕಂಪನಿಗೆ ಅಂಧೇರಿಯಲ್ಲಿ ಇಡೀ ಮಹಡಿಯೇ ಇದೆ. ಹೊಸದಾಗಿ ಸೇರುವ ಪ್ರತಿ ಇಂಜಿನಿಯರ್ ಕೈಗೂ ಮೊದಲು ವಯೊಲಿನ್ ಕೊಟ್ಟು, ನುಡಿಸುತ್ತಲೇ ಪುಟ ತಿರುಗಿಸಲು ಹೇಳುತ್ತೇನೆ.